ಎರಡು ನಳಿಗೆ, ಐದು ಗುಂಡು, ಒಂದು ಸಾಸರು

ಕಳೆದ ಶನಿವಾರ ಬೆಳಗ್ಗೆ ನಾನು ಹತ್ತು ಗುಂಡು ಹಾರಿಸಿದೆ. ಹತ್ತೂ ಗುರಿ ತಪ್ಪಿದವು.

ಅರವತ್ತೊಂಬತ್ತು ವರ್ಷದ ಹೆಂಗಸು, ಮಡಿಕೇರಿಯ ಕಾನ್ವೆಂಟಿನಲ್ಲಿ ಎಂಬ್ರಾಯ್ಡರಿ ಕಲಿತವಳು, ಕೋವಿ ಹಿಡಿದು ಏನು ಮಾಡುತ್ತಿದ್ದಳು ಅಂತೀರಾ? ಅವರೆಕಾಯಿ ಕಾಯುತ್ತಿದ್ದೆ.

ಮಾರ್ಗನ್ ಹಿಲ್ ಎಂಬ ಅಮೆರಿಕನ್ ಊರಿನ ಹೊರಗೆ, ಗುಡ್ಡದ ಬುಡದಲ್ಲಿ ನನ್ನ ಮಗಳ ಮನೆ. ಹಿತ್ತಲಲ್ಲಿ ನನ್ನ ಅವರೆ. ಬೇಲಿಯಾಚೆ, ನೆಲದಲ್ಲಿ ಬಿಲ ತೋಡಿಕೊಂಡು ಬದುಕುವ ದಪ್ಪ ಅಳಿಲುಗಳು. ಬಲಿಯಲು ಬಿಡದೆ ಎಳೆಕಾಯಿಯನ್ನೇ ಮುಗಿಸುತ್ತವೆ. ಬಲೆ ಹೊದಿಸಿದೆ. ಮೆಣಸಿನಪುಡಿ ಎರಚಿದೆ. (ಖಾರ ಅವಕ್ಕೆ ಹಿಡಿಸಿತು ಎಂದು ಕಾಣುತ್ತದೆ.)

ಕಡೆಗೆ ಮಗಳು ಕಾವೇರಿ ಶೆರಿಫ್ ಆಫೀಸಿನಲ್ಲಿ ವಿಚಾರಿಸಿ, ಅಂಗಡಿಯಲ್ಲಿ ಫಾರಂ ತುಂಬಿ, ಕಾಯಬೇಕಾದಷ್ಟು ದಿನ ಕಾದು, ಹಳೆಯದೊಂದು ಕಾಂಬಿನೇಷನ್ ಗನ್ನು ತಂದಳು. ಒಂದರ ಮೇಲೊಂದು ಎರಡು ನಳಿಗೆ. ಮೇಲಿನದು ರೈಫಲ್ಲು, ಒಂಟಿ ಗುಂಡಿನದು. ಕೆಳಗಿನದು ಚರೆಯದು, ಒಂದೇ ಏಟಿಗೆ ಹತ್ತಾರು ಸಣ್ಣ ಸೀಸದ ಕಾಳು ಚೆಲ್ಲುವಂಥದು. ದೂರ ಕೂತ ಅಳಿಲಿಗೆ ಗುಂಡು, ಹತ್ತಿರ ಓಡುವ ಮೊಲಕ್ಕೆ ಚರೆ. ಎರಡಕ್ಕೂ ಸೇರಿ ಒಂದೇ ಸೈಟು. (ಬೆಂಗಳೂರಿನವರೇ, ಕಿವಿ ನಿಮಿರಿಸಬೇಡಿ. ಇದು ಗುರಿ ನೋಡುವ ಸೈಟು, ಥರ್ಟಿ ಫಾರ್ಟಿ ಅಲ್ಲ.)

ಅಳಿಯ ಪ್ರಕಾಶ ಮಂಡ್ಯದವನು. ಕೋವಿ ಕಂಡವನೇ ಕಾಫಿ ಕೆಳಗಿಟ್ಟ.

“ಅಳಿಲು ಕಣತ್ತೆ ಅದು! ಶ್ರೀರಾಮನ ಸೇತುವೆಗೆ ಮರಳು ಹೊತ್ತಿರೋದು.”

“ಆ ಅಳಿಲಿಗೆ ರಾಮ ಬೆನ್ನು ಸವರಿ ಮೂರು ಗೆರೆ ಕೊಟ್ಟ. ಇದರ ಬೆನ್ನ ಮೇಲೆ ಗೆರೆ ಎಲ್ಲಿದೆ, ತೋರಿಸಪ್ಪ.”

“ಗೆರೆ ಬಿಡಿ. ನೀವು ಕೋವಿ ಮುಟ್ಟಿ ಮೂವತ್ತು ವರ್ಷ ಆಯ್ತು. ಎರಡು ಕಣ್ಣಿಗೂ ಕ್ಯಾಟರಾಕ್ಟ್ ಆಪರೇಷನ್ ಆಗೈತೆ. ಅರ್ಧಂಬರ್ಧ ಏಟು ಬಿದ್ದು ಪ್ರಾಣಿ ಒದ್ದಾಡಿದ್ರೆ ಏನ್ ಮಾಡ್ತೀರಾ?”

ನ್ಯಾಯವಾದ ಮಾತು. ಆದ್ದರಿಂದ ಒಪ್ಪಂದವಾಯಿತು. ಇಪ್ಪತ್ತೈದು ಗಜ ದೂರ. ಕಾಫಿ ಸಾಸರಿನಷ್ಟು ವೃತ್ತ. ಭಾನುವಾರ ಅವನೆದುರಿಗೆ ಐದಕ್ಕೆ ಐದು. ಒಂದು ತಪ್ಪಿದರೂ ಕೋವಿ ಅಂಗಡಿಗೆ ವಾಪಸ್.

ಆ ವಾರವೇ ಕೈಲ್ ಮುಹೂರ್ತ ಬಂತು. ಕೊಡಗಿನಲ್ಲಿ ಕೋವಿಗಳಿಗೆ ಪೂಜೆ ಮಾಡುವ ಹಬ್ಬ. ನಳಿಗೆಗೆ ಸಿಕ್ಕಿಸುವ ಕೆಂಪು ಹೂ ಇಲ್ಲಿ ಎಲ್ಲಿಂದ ತರಲಿ? ಫ್ರೀವೇ ನಡುವೆ ಸಾಲಾಗಿ ಅರಳಿದ ಕಣಗಿಲೆ ಇತ್ತು, ಕಾವೇರಿ ಕಾರು ನಿಲ್ಲಿಸಲಿಲ್ಲ. ಚೆಂಡುಹೂವೇ ಗತಿ. ಗಂಧ ತೇಯ್ದು ಧಾರಾಳವಾಗಿ ಬೊಟ್ಟು ಇಟ್ಟೆ. ಅಪ್ಪನ ಮನೆಯಲ್ಲಿ ಸಾಲಾಗಿ ನಿಂತಿರುತ್ತಿದ್ದ ಏಳು ಕೋವಿ ನೆನಪಾಯಿತು. ಇಲ್ಲಿ ಒಂದು. ಅದೂ ಭಾನುವಾರದವರೆಗೆ.

ಶನಿವಾರ ಪಕ್ಕದ ಫ್ರ್ಯಾಂಕ್‌ನ ತೋಟಕ್ಕೆ ಹೋದೆ. ಒಂಟಿ ಮುದುಕ, ಏಪ್ರಿಕಾಟ್ ಬೆಳೆಗಾರ. ಅವನ ತೋಟದ ತುದಿಯಲ್ಲಿ ಗುಂಡು ತಡೆಯಲು ಎತ್ತರದ ಮಣ್ಣಿನ ದಿಬ್ಬವಿದೆ. ಕಾರ್ಡ್‌ಬೋರ್ಡಿನ ಮೇಲೆ ಸಾಸರು ಬೋರಲು ಹಾಕಿ ಗೆರೆ ಎಳೆದು, ದಿಬ್ಬಕ್ಕೆ ಒರಗಿಸಿದೆ. ಅಕ್ಕಿಚೀಲದ ಮೇಲೆ ಕೋವಿ ಇಟ್ಟು, ಅಪ್ಪ ಹೇಳಿಕೊಟ್ಟಂತೆ ಅರ್ಧ ಉಸಿರು ಬಿಟ್ಟು, ಟ್ರಿಗರ್ ಒತ್ತಿದೆ.

ಅರ್ಧ ಗೇಣು ಮೇಲೆ! ಕಣ್ಣಿನ ಬಳಿಯ ಹಿಂದಿನ ಸೈಟನ್ನು, ಅಂದರೆ ನಳಿಗೆಯ ತುದಿಯ ಮಣಿಯನ್ನು ನೋಡುವ ಸಂದಿಯನ್ನು, ಒಂದು ಮೆಟ್ಟಿಲು ಇಳಿಸಿದೆ. ಮತ್ತೆ ಮೇಲೆ. ಕಡೇ ಮೆಟ್ಟಿಲಿಗೆ ಇಳಿಸಿದರೂ ಗುಂಡು ವೃತ್ತದೊಳಗೆ ಇಳಿಯಲಿಲ್ಲ.

ಫ್ರ್ಯಾಂಕ್ ಟೋಪಿ ಹಿಂದಕ್ಕೆ ತಳ್ಳಿ, “ನಿನ್ನ ಅಳಿಯ ಗೆದ್ದ ಹಾಗಿದೆ, ಯಂಗ್ ಲೇಡಿ” ಎಂದ.

ಕಣ್ಣು ಉಜ್ಜಿಕೊಂಡು ಮತ್ತೆ ವೃತ್ತದ ಕಡೆ ನೋಡಿದೆ. ಕಣ್ಣು ನಿಜವಾಗಿಯೂ ಹೋಯಿತೇ? ಕೈಯಲ್ಲಿದ್ದ ಒಂದೇ ಒಂದು ವಿದ್ಯೆಯೂ?

ಸಿಟ್ಟಿಗೆ ಕೆಳಗಿನ ನಳಿಗೆಗೂ ತೋಟಾ ಹಾಕಿ, ಹತ್ತಿರದಿಂದ ನ್ಯೂಸ್‌ಪೇಪರಿಗೆ ಹೊಡೆದೆ. ಚರೆಯೂ ಮೇಲಕ್ಕೇ ಹೋಗಿ ಚೆಲ್ಲಿತು.

ಆಗ ತಲೆ ಓಡಿತು. ಎರಡು ನಳಿಗೆ ಒಟ್ಟಿಗೇ ಹೇಗೆ ಕೆಡುತ್ತವೆ? ಎರಡಕ್ಕೂ ಸಮಾನವಾದದ್ದು ಸೈಟು ಒಂದೇ. ಕೋವಿಯನ್ನು ನಡುವಿಗೆ ಮಡಿಸಿ, ಎರಡೂ ನಳಿಗೆ ಖಾಲಿ ಮಾಡಿ, ಓದುವ ಕನ್ನಡಕ ಹಾಕಿಕೊಂಡು ನೋಡಿದೆ. ಹಿಂದಿನ ಸೈಟಿನ ಸಂದಿಯಲ್ಲಿ ಗಂಧ! ಒಣಗಿ ಗಾರೆಯಾಗಿತ್ತು. ಸಂದಿ ತುಂಬಿದ್ದರಿಂದ ಮುಂದಿನ ಮಣಿ ಕಾಣಲು ನಾನು ನಳಿಗೆಯನ್ನೇ ಎತ್ತಿ ಹಿಡಿಯುತ್ತಿದ್ದೆ.

ಅಪ್ಪನ ಮನೆಯಲ್ಲಿ ಹೀಗೆ ಯಾಕೆ ಆಗಲಿಲ್ಲ? ಗಂಧ ಇಡುತ್ತಿದ್ದವರು ನಾವು ಹೆಣ್ಣುಮಕ್ಕಳು. ಪೂಜೆಯಾದ ಮೇಲೆ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಮೊದಲು ಆ ಗಂಧವನ್ನು ಒರೆಸುತ್ತಿದ್ದವರು ಗಂಡಸರು. ನನಗೆ ಗೊತ್ತಿದ್ದದ್ದು ಅರ್ಧ ಪೂಜೆ. ನಾವು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಬಂದ ಪದ್ಧತಿಗಳಲ್ಲಿ ಇಂಥ ಅರ್ಧಗಳು ಎಷ್ಟಿವೆಯೋ! ಇಡುವುದು ಗೊತ್ತು, ಒರೆಸುವುದು ಗೊತ್ತಿಲ್ಲ.

ತಲೆಯ ಹೇರ್‌ಪಿನ್ನು ಕಿತ್ತು ಸಂದಿ ಬಿಡಿಸಿದೆ. ಸೈಟನ್ನು ಎರಡು ಮೆಟ್ಟಿಲು ಏರಿಸಿದೆ. ಮೂರು ಗುಂಡು, ಮೂರೂ ಒಂದಕ್ಕೊಂದು ಅಂಟಿಕೊಂಡು ವೃತ್ತದ ನಡುವೆ. ಚರೆ ನಾಲ್ಕು ಬೆರಳು ಕೆಳಗೆ ಬಿತ್ತು. ಬೀಳಲಿ. ಸೈಟು ರೈಫಲ್ಲಿಗೆ ಕೂರಬೇಕು. ಚರೆ ಹೊಡೆಯುವಾಗ ನಾನೇ ನಾಲ್ಕು ಬೆರಳು ಮೇಲೆ ಹಿಡಿದರಾಯಿತು.

ಭಾನುವಾರ ಪ್ರಕಾಶ ಟೇಪು ಹಿಡಿದು ಗಜ ಅಳೆದ, ಎರಡು ಸಲ. ಮೊದಲ ನಾಲ್ಕು ಒಳಗೆ. ಐದನೆಯದಕ್ಕೆ ಮಣಿ ಸಂದಿಯ ನಡುವೆ ನಿಲ್ಲಲಿಲ್ಲ. ಕೋವಿ ಇಳಿಸಿದೆ. ಕಾದೆ. ಮತ್ತೆ ಎತ್ತಿ ಹೊಡೆದೆ.

ಪ್ರಕಾಶ ಹೋಗಿ ನೋಡಿ, ಕಾರ್ಡ್‌ಬೋರ್ಡನ್ನೇ ಎತ್ತಿಕೊಂಡು ಬಂದ. ಗೆರೆಯ ಒಳಗೆ ಐದು ತೂತು. “ಅತ್ತೆ, ಇದುನ್ನ ನಮ್ಮ ಆಫೀಸಿಗೆ ಒಯ್ತೀನಿ. ಬೇಡ ಅನ್ಬೇಡಿ” ಎಂದ. ಕಾವೇರಿ ಅಲ್ಲೇ ನನ್ನನ್ನು ತಬ್ಬಿಕೊಂಡಳು. ಕೋವಿ ಮನೆಯಲ್ಲೇ ಉಳಿಯಿತು. ಬುಧವಾರದ ಹೊತ್ತಿಗೆ ಎರಡು ಅಳಿಲು ಒಂದೊಂದೇ ಗುಂಡಿಗೆ ಮಲಗಿದವು, ಒದ್ದಾಡದೆ. ಉಳಿದವು ಬೇಲಿ ದಾಟುತ್ತಿಲ್ಲ.

ಗುರುವಾರ ಫ್ರ್ಯಾಂಕ್ ತನ್ನ ಹಳೆಯ ರೈಫಲ್ಲು ಹಿಡಿದು ಬಾಗಿಲಲ್ಲಿ ನಿಂತಿದ್ದ. ಅದರ ಸೈಟನ್ನೂ ಕೂರಿಸಿಕೊಡಬೇಕಂತೆ. ಬದಲಿಗೆ ಒಂದು ಬುಟ್ಟಿ ಏಪ್ರಿಕಾಟ್ ಜಾಮಿನ ಬಾಟಲಿ ತಂದಿದ್ದ. ಹಿಂದೆ ಅವನ ಇಬ್ಬರು ಸ್ನೇಹಿತರು, ಅವರ ಕೈಯಲ್ಲೂ ಒಂದೊಂದು ಕೋವಿ.

ಸಿಲಿಕಾನ್ ವ್ಯಾಲಿಯಲ್ಲಿ ಡಾಟ್‌ಕಾಮು ತೆರೆದಿರುವ ಮಕ್ಕಳೇ, ನಿಮ್ಮಲ್ಲಿ ಎಷ್ಟು ಜನರಿಗೆ ಮೊದಲ ವಾರದಲ್ಲೇ ಮೂರು ಗಿರಾಕಿ ಸಿಕ್ಕಿದ್ದಾರೆ, ಹೇಳಿ?