ಆರಿಸದ ಕರ್ಪೂರ

ನನ್ನ ಭಾವನ ಉಯಿಲನ್ನು ನಾನು ಸುಟ್ಟದ್ದು ಹಾಡಹಗಲಲ್ಲಿ, ನಮ್ಮ ಹುಳುಮನೆಯ ಕೆಂಡದಲ್ಲಿ. ಚಳಿಗಾಲ. ರೇಷ್ಮೆ ಹುಳುಗಳಿಗೆ ಕಾವು ಬೇಕೆಂದು ಬಾಂಡ್ಲಿಯಲ್ಲಿ ಇದ್ದಿಲು ಹಾಕಿ ಇಟ್ಟಿದ್ದೆವು. ಹುಳು ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ, ಅಲುಗಾಡದೆ, ತಲೆಯೆತ್ತಿ ನಿಲ್ಲುವುದನ್ನು ನಾವು ಜ್ವರ ಎನ್ನುತ್ತೇವೆ. ಕಾಗದ ಹತ್ತಿಕೊಂಡಾಗ ತಟ್ಟೆ ತಟ್ಟೆಯಲ್ಲೂ ಆ ಪುಟ್ಟ ತಲೆಗಳು ಎದ್ದು ನಿಂತಿದ್ದವು. ಎಲ್ಲವೂ ನನ್ನನ್ನೇ ನೋಡುತ್ತಿವೆ ಅನ್ನಿಸಿತು. ಹುಳುವಿಗೆ ಹೊಗೆ ಆಗದು ಎಂದು ಗೊತ್ತಿದ್ದೂ ಬಾಗಿಲು ತೆರೆಯಲಿಲ್ಲ. ಹೊರಗೆ ಯಾರಾದರೂ ವಾಸನೆ ಹಿಡಿದಾರೆಂಬ ದಿಗಿಲು.

ಭಾವ ಎಂದರೆ ನನ್ನ ಅಕ್ಕನ ಗಂಡ, ಕೈಲಾಂಚದ ಕಡೆಯವರು. ಅಕ್ಕ ಮೊದಲೇ ತೀರಿಕೊಂಡಿದ್ದಳು. ಅವರಿಗೆ ಒಬ್ಬ ಮಗ, ಒಬ್ಬಳು ಮಗಳು. ಮಗಳನ್ನು ಕಬ್ಬಾಳಿನ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದರು. ಕಾಯಿಲೆ ಬಿದ್ದ ಮೇಲೆ ಭಾವ ರಾಮನಗರಕ್ಕೆ ಹೋಗಿ ಉಯಿಲು ಬರೆಸಿದರು, ರಿಜಿಸ್ಟರ್ ಮಾಡಿಸಲಿಲ್ಲ. ಮನೆಯೂ ಕೆರೆ ಕೆಳಗಿನ ಜಮೀನೂ ಮಗನಿಗೆ, ರಸ್ತೆ ಪಕ್ಕದ ಹೊಲ ಮಗಳಿಗೆ. ಅದರಂತೆ ನಡೆಸಿಕೊಡುವ ಹೊಣೆ ನನ್ನದೆಂದು ಅದರಲ್ಲೇ ಬರೆಸಿ, ಪತ್ರವನ್ನು ನನ್ನ ಕೈಗೆ ಕೊಟ್ಟರು.

"ಬಾಮೈದ, ನೀನು ಎಸ್ಸೆಸ್ಸೆಲ್ಸಿ ಓದಿರೋನು. ನನ್ ಮಗ ಆತುರಗಾರ. ಮಗ್ಳು ಬಾಯೇ ಬುಡಾಕಿಲ್ಲ. ನೀನೇ ನೋಡ್ಕಬೇಕು ಕಣಪ್ಪ" ಎಂದರು.

ನಾನು ಹೂಂ ಎಂದೆ. ಮಗಳ ಪಾಲಿನ ಆ ರಸ್ತೆ ಹೊಲ ಆಗ ಹುರುಳಿಗಿಂತ ಹೆಚ್ಚಿನದೇನೂ ಬೆಳೆಯದ್ದು. ಭಾವ ತೀರಿಕೊಂಡ ಮೇಲೆ ಫ್ಯಾಕ್ಟರಿಗಳು ಬಿಡದಿ ದಾಟಿ ನಮ್ಮ ಕಡೆಗೂ ಬಂದವು. ಕಾರುಗಳು ನಿಂತು, ಬಿಳಿ ಅಂಗಿಯವರು ಇಳಿದು ಆ ಹೊಲದಲ್ಲಿ ಓಡಾಡತೊಡಗಿದರು.

ಅಕ್ಕನ ಮಗ ಒಂದು ದಿನ ನಮ್ಮ ಮನೆಗೆ ಬಂದ.

"ಮಾವ, ರಸ್ತೆ ಹೊಲ ಬುಟ್ರೆ ಮಿಕ್ಕಿದ್ನ ಯಾರೂ ಮೂಸಾಕಿಲ್ಲ. ತಂಗೀಗೆ ಮದ್ವೇಲೇ ಎಲ್ಲಾ ಕೊಟ್ಟಾಗೈತೆ. ನೀನು ಸುಮ್ಕಿದ್ರೆ ಸಾಕು. ಅಲ್ಲಿ ಫ್ಯಾಕ್ಟ್ರಿ ಎದ್ದೇಟ್ಗೆ ನಿನ್ ಮಗುಂಗೆ ಕೆಲ್ಸ. ನಾನ್ ಮಾತಾಡಿವ್ನಿ."

ನನ್ನ ಕೊನೆಯ ಮಗ ಪಿಯುಸಿ ಫೇಲಾಗಿ ಮನೆಯಲ್ಲಿ ಕೂತಿದ್ದ. ನಾನು ಒಪ್ಪಿದೆ. ಸುಮ್ಮನಿರುವುದೆಂದರೆ ಬರೀ ಸುಮ್ಮನೆ ಕೂರುವುದಲ್ಲ ಎಂದು ಆಮೇಲೆ ತಿಳಿಯಿತು. ಖಾತೆ ಬದಲಾಯಿಸಲು ವಂಶವೃಕ್ಷ ಕೊಡಬೇಕಿತ್ತು. ಅದರಲ್ಲಿ ಭಾವನಿಗೆ ಒಬ್ಬನೇ ಮಗ, ಮಗಳೇ ಇಲ್ಲ. ನಿಜವೆಂದು ಕೆಳಗೆ ಸಹಿ ಹಾಕಿದವನು ನಾನು. ಮದುವೆಯ ದಿನ ಸೋದರಮಾವನೆಂದು ಆ ಹುಡುಗಿಯ ಕೈಹಿಡಿದು ಹಸೆಗೆ ಕರೆತಂದವನೂ ನಾನೇ. ಹೊಲ ಮಾರಾಟವಾಯಿತು.

ಸುದ್ದಿ ಕೇಳಿ ಅವಳು ಬಂದಳು.

"ಮಾವ, ರಸ್ತೆ ಹೊಲ ನಂಗೆ ಅಂತ ಬರ್ಸಿ ನಿನ್ ತಾವ ಕೊಟ್ಟಿವ್ನಿ ಅಂದಿದ್ದ ನಮ್ಮಪ್ಪ. ಐತಾ?"

"ಇಲ್ವಲ್ಲವ್ವ" ಎಂದೆ. ಪತ್ರ ಆಗ ಅವಳ ಬೆನ್ನ ಹಿಂದಿನ ಪೆಟ್ಟಿಗೆಯಲ್ಲೇ ಇತ್ತು.

ಅವಳು ವಕೀಲರ ಬಳಿ ಹೋಗಲಿಲ್ಲ. ಬರುವ ಮಂಗಳವಾರ ಮಾವ ಕಬ್ಬಾಳಮ್ಮನ ಮುಂದೆ ಕರ್ಪೂರ ಆರಿಸಲಿ, ಆರಿಸಿದರೆ ನಾನಿನ್ನು ಕೇಳುವುದಿಲ್ಲ ಎಂದು ಊರ ಹಿರಿಯರ ಕೈಲಿ ಹೇಳಿಕಳಿಸಿದಳು. ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಆಡಿದ ಮಾತು ಸುಳ್ಳಾದರೆ, ಆಡಿದವನ ಮನೆಯ ದೀಪವೂ ಆರುತ್ತದೆ. ನಮ್ಮ ಕಡೆ ಇದನ್ನು ನಂಬದವರಿಲ್ಲ. ಕೋರ್ಟಾದರೆ ಹೇಗೋ ನಿಂತುಬಿಡುತ್ತಿದ್ದೆ. ಇದಕ್ಕೆ ನಿಲ್ಲುವ ಧೈರ್ಯ ನನಗಿರಲಿಲ್ಲ. ಆಡುತ್ತಿದ್ದ ಮೊಮ್ಮಕ್ಕಳನ್ನು ಬೀದಿಯಿಂದ ಒಳಗೆ ಕರೆದುಕೊಂಡೆ. ಅಕ್ಕನ ಮಗನ ಹತ್ತಿರ ಓಡಿದೆ. ಅವನು ನಕ್ಕ.

"ಪತ್ರ ನಿನ್ ತಾವ ಐತೆ ಅಂತ ತಾನೇ ದಿಗಿಲು? ಇಲ್ದಂಗೆ ಮಾಡು. ಆಮ್ಯಾಕೆ 'ನನ್ ತಾವ ಯಾವ ಪತ್ರಾನೂ ಇಲ್ಲ' ಅನ್ನು. ಸುಳ್ಳೇನ್ ಬಂತು ಅದ್ರಲ್ಲಿ?"

"ಅಮ್ಮಂಗೆ ಗೊತ್ತಾಗಾಕಿಲ್ವೇನ್ಲಾ?"

"ಅಮ್ಮ ಕೇಳೋದು ಮಾತ್ನ. ಮಾತು ಸರ್ಯಾಗಿದ್ರಾಯ್ತು ಬುಡು ಮಾವ."

ನನಗೆ ಅದು ಸರಿ ಅನ್ನಿಸಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಗ ನಿಜವಾಗಿಯೂ ಹಾಗೆ ನಂಬಿದ್ದೆ. ದೇವಿಯ ಮುಂದೆ ಸುಳ್ಳು ಹೇಳಬಾರದೆಂಬ ಭಯಕ್ಕೇ ಸೋಮವಾರ ಆ ಪತ್ರವನ್ನು ಸುಟ್ಟೆ.

ಮಂಗಳವಾರ ಸ್ನಾನ ಮಾಡಿ ಒದ್ದೆ ಪಂಚೆಯಲ್ಲೇ ನಿಂತೆ. ನೆರೆದವರಲ್ಲಿ ಒಬ್ಬ ಮುದುಕ, "ಏನ್ಲಾ ಇಂಗ್ ನಡುಗ್ತೀಯ? ಕರ್ಪೂರ ಆರ್ಸೋಕ್ ಮುಂಚೆ ನೀನೇ ಆರೋಗ್ತೀಯ ಕಣ್ಲಾ" ಎಂದ. ಜನ ನಕ್ಕರು. ನಾನು ಮನಸ್ಸಿನಲ್ಲೇ ಮಾತನ್ನು ಉರು ಹೊಡೆಯುತ್ತಿದ್ದೆ. ಪತ್ರ ಇಲ್ಲ ಎನ್ನಬೇಕು, ಇರಲಿಲ್ಲ ಎನ್ನಬಾರದು. ಬಾಯಿ ತಪ್ಪಿ ಇರಲಿಲ್ಲ ಅಂದುಬಿಟ್ಟರೆ? ಇಲ್ಲ, ಇರಲಿಲ್ಲ, ಇಲ್ಲ. ಎರಡೂ ಕಲಸಿಹೋಗಿ, ಯಾವುದನ್ನು ಹೇಳಬೇಕೆಂಬುದೇ ಮರೆತಂತಾಯಿತು.

ಪೂಜಾರಿ ತಟ್ಟೆಯಲ್ಲಿ ಕರ್ಪೂರ ಹಚ್ಚಿದರು. ನಾನು ಕೈ ಎತ್ತಿದೆ. ಅಷ್ಟರಲ್ಲಿ ಅವಳು ಮುಂದೆ ಬಂದು ತಟ್ಟೆಯನ್ನು ಪಕ್ಕಕ್ಕೆ ಎಳೆದುಕೊಂಡಳು.

"ಬ್ಯಾಡ ಮಾವ. ನಮ್ಮವ್ವನ ಕಡೆ ಅಂತ ಇರೋನು ನೀನೊಬ್ನೆ. ದಿಗಿಲಲ್ಲಿ ಬಾಯ್ತಪ್ಪಿ ಏನಾರಾ ಅಂದ್ಬುಟ್ರೆ ನಿನ್ ಮಕ್ಳುಮರಿ ಗತಿಯೇನು? ಹೊಲ ಹಾಳಾಗೋಗ್ಲಿ. ಬಾ ಮನೀಗೆ, ಉಣ್ಣೀವಂತೆ."

"ಕೇಳ್ದೋಳೇ ಬ್ಯಾಡ ಅಂದ್ಮ್ಯಾಕೆ ಮುಗೀತು ಬುಡ್ರಪ್ಪ" ಎಂದರು ಹಿರಿಯರು.

ಕರ್ಪೂರ ತಾನಾಗಿ ಉರಿದು ಮುಗಿಯಿತು. ನಾನು ಅವಳ ಮನೆಗೆ ಹೋದೆ. ಅವಳು ಮುದ್ದೆ ಮೇಲೆ ತುಪ್ಪ ಹಾಕಿದಳು. ಉಂಡೆ. ಕೈ ತೊಳೆದು ಮನೆಗೆ ಬಂದೆ.

ಗೆದ್ದೆನೆಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ. ಆರಿಸಿದ್ದರೆ ಶಿಕ್ಷೆ ಬರುವುದೋ ಇಲ್ಲವೋ ಎಂದು ತಿಳಿಯುತ್ತಿತ್ತು. ಆರಿಸದೆ ಬಂದದ್ದರಿಂದ ಲೆಕ್ಕ ಹಾಗೇ ಉಳಿಯಿತು. ಹೆಂಡತಿ ಬಚ್ಚಲಲ್ಲಿ ಜಾರಿ ಬಿದ್ದಾಗ ಇದೇ ಎಂದುಕೊಂಡೆ. ಮೊಮ್ಮಗುವಿಗೆ ಮೈ ಸುಟ್ಟರೆ ಇದೇ ಇರಬೇಕು ಎಂದುಕೊಂಡೆ. ಆ ಹೊಲದಲ್ಲಿ ಫ್ಯಾಕ್ಟರಿ ಎದ್ದು, ನನ್ನ ಮಗ ಅದರ ಗೇಟಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಿದ ಮೇಲೆ, ಅವನು ಬರುವುದು ಸ್ವಲ್ಪ ತಡವಾದರೂ ಬಾಗಿಲಲ್ಲಿ ನಿಂತು ದಾರಿ ನೋಡುತ್ತಿದ್ದೆ.

ಹೀಗೆ ಕೆಲವು ವರ್ಷ ಕಳೆದ ಮೇಲೆ, ಊಟಕ್ಕೆ ಕೂತಾಗ ಅವನು ಹೇಳಿದ:

"ಅಪ್ಪ, ಅತ್ತೆ ಮಗ್ಳು ನಮ್ ಫ್ಯಾಕ್ಟ್ರೀಗೇ ಸೇರ್ಕಂಡವ್ಳೆ, ಕಸ ಗುಡ್ಸಾಕೆ. ವ್ಯಾನಲ್ಲಿ ಬತ್ತಾಳೆ. ಸಂಜೆ ಹೋಗೋವಾಗ ಅವಳ್ ಚೀಲಾನೂ ನಾನೇ ತೆಗ್ದು ನೋಡ್ಬೇಕು."

"ಏನಾರಾ ಅಂದ್ಲಾ?"

"'ಸರ್ಯಾಗ್ ನೋಡಪ್ಪ, ನಮ್ ಹೊಲದ್ ಮಣ್ಣೇನಾರಾ ತಕ್ಕಂಡ್ ಹೋಯ್ತಿದ್ದೀನಾ ಅಂತ' ಅಂದು ನಗ್ತಾಳೆ."

ಇಷ್ಟು ದಿನ ದೇವಿ ನನಗೆ ಏನು ಮಾಡುವಳೋ ಎಂದಷ್ಟೇ ಹೆದರಿದ್ದೆ. ನಾನು ಅಕ್ಕನ ಮಗಳಿಗೆ ಏನು ಮಾಡಿದೆ ಎಂದು ಹೆದರಿದ್ದು ಅಂದೇ ಮೊದಲು.

ಭಾನುವಾರ ಅವಳ ಮನೆಗೆ ಹೋದೆ. ಜಗುಲಿಯಲ್ಲಿ ಕೂತು ರಾಗಿ ಕೇರುತ್ತಿದ್ದಳು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಸಹಿ, ಪೆಟ್ಟಿಗೆ, ಕೆಂಡ, ಉರು ಹೊಡೆದ ಮಾತು. ಮೊರ ನಿಂತಿತು.

"ಅವತ್ತು ನಾನು ತಟ್ಟೆ ಎಳ್ಕಳ್ದಿದ್ರೆ ಆರಿಸ್ತಿದ್ಯಾ?"

ಇಲ್ಲ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು.

"ಆರಿಸ್ತಿದ್ದೆ ಕಣವ್ವ."

ಅವಳು ಮತ್ತೆ ಕೇರತೊಡಗಿದಳು. ಹೊಟ್ಟು ನನ್ನ ಕಾಲ ಮೇಲೆ ಬೀಳುತ್ತಿತ್ತು. ಆ ಮೊರ ಮುಗಿಸಿ, ತಲೆಯೆತ್ತದೆ ಕೇಳಿದಳು:

"ವಕೀಲರ ತಾವ ಬಂದು ಇದ್ನೇ ಹೇಳ್ತೀರಾ? ನಿಮ್ ಮಗುನ್ ಕೆಲ್ಸ ಹೋದ್ರೂ ಹೋದೀತು."

"ಹೇಳ್ತೀನವ್ವ" ಎಂದೆ.

ಯಾವಾಗಲೂ ನೀನು ಅನ್ನುತ್ತಿದ್ದವಳು ಈಗ 'ಹೇಳ್ತೀರಾ' ಅಂದಿದ್ದಳೆಂದು ಮೆಟ್ಟಿಲಿಳಿದ ಮೇಲಷ್ಟೇ ಹೊಳೆಯಿತು.

ಈಗ ರಾಮನಗರದ ಕೋರ್ಟಿನಲ್ಲಿ ಕೇಸು ನಡೆಯುತ್ತಿದೆ. ನಾನು ಅವಳ ಪರ ಸಾಕ್ಷಿ. ಅಕ್ಕನ ಮಗ ನನ್ನನ್ನು ಜೈಲಿಗೆ ಕಳಿಸುತ್ತೇನೆಂದು ಊರಲ್ಲೆಲ್ಲ ಹೇಳುತ್ತಾನೆ. ಕಳಿಸಿದರೂ ಕಳಿಸಬಹುದು, ಸುಟ್ಟವನು ನಾನೇ. ಅದಕ್ಕೂ ಭಯವಿದೆ. ಆದರೆ ಪ್ರತಿ ಸಲ ಬಸ್ಸಿಳಿದು ಕೋರ್ಟಿನ ಜಗುಲಿಯ ಕಡೆ ನಡೆಯುವಾಗ ಎದೆ ಬಡಿದುಕೊಳ್ಳುವುದು ಬೇರೆಯದಕ್ಕೆ. ಅವಳು ಅಲ್ಲಿ ಬೆಂಚಿನ ಮೇಲೆ ಕೂತಿರುತ್ತಾಳೆ. ನನ್ನನ್ನು ಕಂಡು ಸರಿದು ಜಾಗ ಬಿಡುತ್ತಾಳೆ. "ಬನ್ನಿ, ಕೂತ್ಕಳಿ" ಎನ್ನುತ್ತಾಳೆ. ಮಾವ ಎನ್ನುವುದಿಲ್ಲ.