ಕುದುರೆ ಕಟ್ಟುವ ಕಂಬ

ಹೇಸ್ ಎಂಬ ಪರದೇಶದ ಊರಿನಲ್ಲಿ ನಮ್ಮ ಫ್ಲ್ಯಾಟಿನ ಕೆಳಗೆ ಮೀನಿನ ಅಂಗಡಿ ಇಟ್ಟಿದ್ದ ವ್ಯಾಪಾರಿ ಸೈಬೀರಿಯಾದ ಯಾಕೂತ್ ಜನಾಂಗದವರು. ಅವರ ಕಡೆ ಮನೆಯೆದುರು ಕುದುರೆ ಕಟ್ಟಲು ಕಂಬ ನೆಡುತ್ತಾರಂತೆ. ಕಂಬ ನೆಟ್ಟ ಮೇಲೆ ಬಂದವರಿಗೆ ಊಟ ಇಲ್ಲ ಎನ್ನುವಂತಿಲ್ಲ. ಇಲ್ಲಿಯೂ ಅಂಗಡಿಯ ಮುಂದೆ ಕೆತ್ತನೆಯ ಕಂಬವೊಂದನ್ನು ನೆಟ್ಟಿದ್ದರು. ಡೆಲಿವರಿ ಮಾಡುವವರು ಅದಕ್ಕೆ ಸೈಕಲ್ ಕಟ್ಟುತ್ತಿದ್ದರು.

"ಕುದುರೆ ಕಟ್ಟು, ಒಳಗೆ ಬಾ." ಯಾರು ಬಂದರೂ ಅವರದು ಅದೇ ಮಾತು. ಮೊದಲ ಚಮಚ ಮೀನಿನ ಸಾರನ್ನು ಬೆಂಕಿಯ ಪಾಲೆಂದು ಒಲೆಗೆ ಹಾಕಿ, ಆಮೇಲೆ ಬಟ್ಟಲು ತುಂಬಿಸುತ್ತಿದ್ದರು. ದುಡ್ಡು ತೆಗೆದವರಿಗೆ ಬೈಗುಳ ಕಾದಿರುತ್ತಿತ್ತು. ಮೀನು ತಿನ್ನದ ನನಗೆ ಆಲೂಗಡ್ಡೆ ಬೇಯಿಸಿಡುತ್ತಿದ್ದರು.

ಕಟ್ಟಡದ ಮಾಲೀಕನಿಗೆ ಬಾಗಿಲಲ್ಲಿ ಈ ಗುಂಪು ಹಿಡಿಸಲಿಲ್ಲ. ಕಂಬ ತೆಗೆಯಿರಿ ಎಂದ.

"ನೆಟ್ಟ ಕಂಬಾನ ನಾವು ಕೀಳಲ್ಲ. ಅದು ತಾನಾಗೇ ಬೀಳಬೇಕು."

ಒಂದು ಬೆಳಗ್ಗೆ ಮಾಲೀಕನ ಆಳುಗಳೇ ಬಂದು ಅದನ್ನು ಕಿತ್ತು, ವ್ಯಾನಿನಲ್ಲಿ ಹಾಕಿಕೊಂಡು ಹೋದರು.

"ಹೋಗ್ಲಿ ಬಿಡಿ, ಸೈಕಲ್ ರೇಲಿಂಗಿಗೆ ಕಟ್ಕೋತಾರೆ," ಎಂದೆ. ಅವರು ಬಗ್ಗಿ, ಗುಂಡಿಗೆ ಬಿದ್ದಿದ್ದ ಮಣ್ಣು ತೆಗೆಯತೊಡಗಿದರು.

ಮಧ್ಯಾಹ್ನ ಕೆಳಗಿಳಿದರೆ, ಕಂಬ ಕಿತ್ತ ಗುಂಡಿಯಲ್ಲಿ ಅವರೇ ಕಾಲೂರಿ ನಿಂತಿದ್ದಾರೆ. ಒಂದೊಂದು ಕೈಯಲ್ಲಿ ಒಂದೊಂದು ಸೈಕಲ್ಲಿನ ಹ್ಯಾಂಡಲ್, ಇನ್ನೊಂದು ಸೈಕಲ್ ಸೊಂಟಕ್ಕೆ ಒರಗಿದೆ. ಒಳಗೆ ಅವುಗಳ ಸವಾರರು ಸಾರು ಕುಡಿಯುತ್ತಿದ್ದಾರೆ. ಮಾಲೀಕ ಕಾರು ನಿಲ್ಲಿಸಿ, ಗಾಜು ಇಳಿಸಿ, ಇದೇನು ಎಂದು ಕೇಳಿದ.

"ಕಂಬ," ಎಂದರು. "ಕೀಳೋದಿದ್ರೆ ಇದನ್ನೂ ಕೀಳು. ಅದಕ್ಕೂ ಮೊದಲು ಕುದುರೆ ಕಟ್ಟು, ಒಳಗೆ ಬಾ."