ಏಳನೇ ಸಾಲಿನ ಹೆಸರು

ಕಂಪ್ಯೂಟರಿನ ಪರದೆಯ ಮೇಲೆ ಏಳು ಹೆಸರುಗಳಿದ್ದವು. ಆರನ್ನು ಫೋನಿನಲ್ಲಿ ಓದಿ ಹೇಳಿದೆ. ಏಳನೆಯದನ್ನು ನುಂಗಿಕೊಂಡೆ.

ಆ ಕಡೆ ಧಾರವಾಡದಲ್ಲಿ ಕುಳಿತಿದ್ದ ಮಗಳ ಮಗಳು ಸ್ಫೂರ್ತಿ ಬಿಡಬೇಕಲ್ಲ?

"ಅಜ್ಜಿ, ಒಟ್ಟು ಎಷ್ಟು ಸಾಲು ಅದಾವ, ಎಣಿಸು."

"ಏಳು."

"ನೀ ಓದಿದ್ದು ಆರು."

"ಏಳನೇದು ಸರಿ ಕಾಣವಲ್ದು. ಅಕ್ಷರ ಭಾಳ ಸಣ್ಣವು."

ಸುಳ್ಳು. ಅಕ್ಷರ ಚೆನ್ನಾಗಿಯೇ ಕಾಣುತ್ತಿದ್ದವು. ಏಳನೇ ಸಾಲಿನಲ್ಲಿದ್ದುದು ನನ್ನ ಗಂಡನ ಹೆಸರು. ಅವರು ತೀರಿಕೊಂಡು ಹತ್ತು ತಿಂಗಳಾಗಿತ್ತು.

ಈ ಅಂಕಣವನ್ನು ನಾನು ಬರೆಯುವುದು ನಾಲ್ವರು ಮೊಮ್ಮಕ್ಕಳಿಗೆ. ಓದುವುದು ನೀವೆಲ್ಲ. (ಅದು ನೆನಪಾದರೆ ಪೆನ್ನು ಮುಂದೆ ಹೋಗುವುದಿಲ್ಲ. ಅದಕ್ಕೇ ನೆನಪು ಮಾಡಿಕೊಳ್ಳುವುದಿಲ್ಲ.) ಹಾಗಾಗಿ ಮಕ್ಕಳೇ, ಮೊದಲಿನಿಂದ ಹೇಳುತ್ತೇನೆ.

ನಿಮ್ಮ ಅಜ್ಜ ಕೊನೆಯ ಚಳಿಗಾಲದಲ್ಲಿ ಹಾಸಿಗೆ ಹಿಡಿದಾಗ ಲ್ಯಾಪ್‌ಟಾಪನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ಏನೋ ಮಾತಾಡುತ್ತಿದ್ದರು. ಫ್ಯಾಕ್ಟರಿಯ ಗೆಳೆಯರ ಜೊತೆ ಇರಬೇಕು ಅಂದುಕೊಂಡಿದ್ದೆ. ಅವರು ಹೋದ ಮೇಲೆ ಸ್ಫೂರ್ತಿ ಹೇಳಿದಳು, ಅಜ್ಜ ನಿಮಗಾಗಿ ಕತೆಗಳನ್ನು ರೆಕಾರ್ಡ್ ಮಾಡಿಡುತ್ತಿದ್ದರಂತೆ. ಅವಳೊಬ್ಬಳಿಗೇ ಹೇಳಿದ್ದರಂತೆ. ತೆಗೆದು ಕೇಳೋಣವೆಂದರೆ ಲ್ಯಾಪ್‌ಟಾಪ್ ಏಳಲೊಲ್ಲದು. ಸ್ವಿಚ್ ಹಾಕಿದರೆ ಒಂದು ಚಕ್ರ ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ. ಒಳಗಿನಿಂದ ಟಕ್ ಟಕ್ ಎಂಬ ಸದ್ದು. ಯಾರೋ ಒಳಗೆ ಕುಳಿತು ಉಗುರಿನಿಂದ ಬಾಗಿಲು ತಟ್ಟಿದ ಹಾಗೆ.

ಆ ಸದ್ದನ್ನು ಸ್ಫೂರ್ತಿಗೆ ಫೋನಿನಲ್ಲಿ ಕೇಳಿಸಿದೆ.

"ಎಲ್ಲಾ ತುಂಬಿಟ್ಟ ಡಿಸ್ಕ್ ಸಾಯಾಕತ್ತೈತಿ ಅಜ್ಜಿ. ಇನ್ನ ಎಷ್ಟು ಸಲ ಏಳ್ತದೋ ಗೊತ್ತಿಲ್ಲ. ಅಷ್ಟರೊಳಗ ಅಜ್ಜನ ಧ್ವನಿ ಹೊರಗ ತಗೀಬೇಕು."

ಅವಳಿಗೆ ಪರೀಕ್ಷೆ. ಬರುವಂತಿಲ್ಲ. ಮಗನಿಗೆ ಹೇಳೋಣವೆಂದರೆ ನನಗೇ ಧೈರ್ಯವಿಲ್ಲ. ಅಪ್ಪ ಹೋದ ಮೇಲೆ ಅವನು ಆ ಲ್ಯಾಪ್‌ಟಾಪಿನ ಕಡೆ ನೋಡುವುದನ್ನೂ ಬಿಟ್ಟಿದ್ದ. ಆಸೆ ಹುಟ್ಟಿಸಿ, ಆಮೇಲೆ ಏನೂ ಸಿಗದಿದ್ದರೆ? ಒಬ್ಬ ಮಗ ಒಬ್ಬ ಅಪ್ಪನನ್ನು ಎಷ್ಟು ಸಲ ಕಳೆದುಕೊಳ್ಳಬೇಕು?

ಆದ್ದರಿಂದ ಮಗ ಶಂಶಾಬಾದ್ ಏರ್‌ಪೋರ್ಟಿನ ಡ್ಯೂಟಿಗೆ, ಸೊಸೆ ಅವಳ ಶಾಲೆಗೆ ಹೋದ ಮೇಲೆ, ಏಳನೇ ತರಗತಿ ಓದಿದ ನಾನು ಲಿನಕ್ಸ್ ಹಾಕಲು ಕುಳಿತೆ.

ಲಿನಕ್ಸ್ ಎಂದರೆ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆ. ಒಳಗಿನ ಡಿಸ್ಕ್ ಕೈಕೊಟ್ಟರೂ ಇದು ಹೊರಗಿನಿಂದ ಕಂಪ್ಯೂಟರನ್ನು ಎಬ್ಬಿಸುತ್ತದಂತೆ. ಒಬ್ಬರ ಸ್ವತ್ತಲ್ಲ. ಊರೂರಿನ ಜನ ಸೇರಿ ಬರೆದು ಪುಕ್ಕಟೆ ಹಂಚುವುದಂತೆ. ಯಾರು ಬೇಕಾದರೂ ಬಿಚ್ಚಿ ನೋಡಬಹುದಂತೆ. ("ಹಂಗಾರ ಊರ ಬಾವಿ ಇದ್ದಂಗ" ಎಂದೆ. "ಹೌದಜ್ಜಿ, ಆದ್ರ ಹಗ್ಗ ನೀನ ತರಬೇಕು" ಎಂದಳು.)

ಹಗ್ಗ ಪೋಸ್ಟಿನಲ್ಲಿ ಬಂತು. ಒಂದು ಪೆನ್ ಡ್ರೈವ್, ಜೊತೆಗೆ ಎರಡು ಹಾಳೆ ತುಂಬ ಕನ್ನಡದಲ್ಲಿ ಸೂಚನೆ. ಸ್ವಿಚ್ ಹಾಕಿದ ತಕ್ಷಣ ಎಫ್ ಹನ್ನೆರಡು ಒತ್ತಬೇಕು. ಒತ್ತಿದೆ. ತಡವಾಯಿತು. ಮತ್ತೆ ಒತ್ತಿದೆ. ಆ ಕೀಲಿಯೇ ಸತ್ತಿರಬೇಕು ಅಂದುಕೊಳ್ಳುವಷ್ಟರಲ್ಲಿ ಐದನೇ ಸಲಕ್ಕೆ ಹಿಡಿಯಿತು. ಆಮೇಲೆ ಪರದೆ ಕಪ್ಪಾಗಿ ನಿಂತುಬಿಟ್ಟಿತು. ಅದಕ್ಕೂ ಹಾಳೆಯಲ್ಲಿ ಮದ್ದಿತ್ತು: ಇಂಥ ಸಾಲಿನ ತುದಿಯಲ್ಲಿ ಇಂಥ ಶಬ್ದ ಸೇರಿಸು. ಸೇರಿಸಿದೆ. ಬೆಳಕು ಬಂತು.

ಬೆಳಕಿನ ಜೊತೆ ಒಂದು ಪ್ರಶ್ನೆಯೂ ಬಂತು. ಸುಮ್ಮನೆ ನಡೆಸಿ ನೋಡುತ್ತೀಯೋ, ಎಲ್ಲ ಅಳಿಸಿ ಹೊಸದಾಗಿ ಹಾಕಲೋ? ಎರಡೂ ಅಕ್ಕಪಕ್ಕದಲ್ಲೇ. ನಡುವೆ ಒಂದು ಬೆರಳಿನ ಅಂತರ. ಹಾಳೆಯಲ್ಲಿ ಸ್ಫೂರ್ತಿ ಕೆಂಪು ಶಾಯಿಯಲ್ಲಿ ಬರೆದಿದ್ದಳು: ಮೊದಲನೇದು. ಮೊದಲನೇದು ಮಾತ್ರ. ಮೊದಲು ಅಜ್ಜನನ್ನು ಹೊರಗೆ ತೆಗೆಯೋಣ, ಆಮೇಲೆ ಅಳಿಸೋಣ.

ಫೈಲುಗಳು ಕಂಡವು. ಹನ್ನೊಂದು. ಆದರೆ ಹೊರಗೆ ತೆಗೆಯುವುದು ಹೇಗೆ? ಪೆನ್ ಡ್ರೈವ್ ಸಿಕ್ಕಿಸುವ ಮೂರು ಕಿಂಡಿಗಳಲ್ಲಿ ಎರಡು ಕೆಟ್ಟಿವೆ. ಉಳಿದ ಒಂದರಲ್ಲಿ ಲಿನಕ್ಸೇ ಕುಳಿತಿದೆ. ಇಂಟರ್ನೆಟ್ ಮೂಲಕವೇ ಕಳಿಸಬೇಕು. ನನ್ನದು ಗುಂಡಿ ಒತ್ತುವ ಫೋನು, ಅದರಲ್ಲಿ ಇಂಟರ್ನೆಟ್ ಇಲ್ಲ. ಅದಕ್ಕೇ ಸ್ಫೂರ್ತಿ ವೈಫೈ ಪಟ್ಟಿ ಓದಿಸಿದ್ದು. ಪಟ್ಟಿಯಲ್ಲಿ ಮೇಲಿನ ಮನೆಯವರಿದ್ದರು, ಎದುರಿನವರಿದ್ದರು, ಯಾರೋ ಡಾಕ್ಟರಿದ್ದರು. ನಮ್ಮ ಮನೆ ಇರಲಿಲ್ಲ. ವೈಫೈ ಡಬ್ಬಿ ನನ್ನ ತಲೆಯ ಮೇಲೆಯೇ ಮಿಣುಕುತ್ತಿತ್ತು, ಆದರೂ ನಮ್ಮ ಮನೆ ಇರಲಿಲ್ಲ.

ಇದ್ದವರು ಅವರು. ಒಂದೇ ಒಂದು ಗೆರೆಯಷ್ಟು ಸಿಗ್ನಲ್. ತೀರಾ ದೂರದಲ್ಲಿ ನಿಂತ ಹಾಗೆ.

ಅದು ಅವರ ಫೋನಿನ ನೆಟ್ಟನ್ನು ಸುತ್ತಲಿನವರಿಗೆ ಹಂಚುವ ಹಾಟ್‌ಸ್ಪಾಟಿನ ಹೆಸರು, ನನಗೆ ಗೊತ್ತು. ಕರೆಂಟ್ ಹೋದಾಗ ನೀವು ಕಾರ್ಟೂನ್ ನೋಡಲಿ ಎಂದು ತಮ್ಮ ಹೆಸರಿಟ್ಟು ಮಾಡಿಕೊಂಡಿದ್ದರು. ಆ ಫೋನು ಆಸ್ಪತ್ರೆಯಲ್ಲೇ ಕಳೆದುಹೋಯಿತು ಎಂದು ನಾವೆಲ್ಲ ನಂಬಿದ್ದೆವು.

ಓದಿ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಹೇಗೆ ಹೇಳಲಿ? ಮದುವೆಯಾದಂದಿನಿಂದ ನಾನು ಆ ಹೆಸರನ್ನು ಬಾಯಲ್ಲಿ ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ ಕಾರ್ಡ್ ಮುಂದೆ ಹಿಡಿಯುತ್ತಿದ್ದೆ. ಆಸ್ಪತ್ರೆಯಲ್ಲಿ ಕೇಳಿದರೆ ಮಗನ ಮುಖ ನೋಡುತ್ತಿದ್ದೆ. ಗಂಡನ ಹೆಸರು ಹೇಳಿದರೆ ಆಯುಷ್ಯ ಕಡಿಮೆ ಎಂದು ನಮ್ಮ ಅವ್ವ ಹೇಳಿಕೊಟ್ಟಿದ್ದಳು. ಈಗ ಕಡಿಮೆಯಾಗಲು ಆಯುಷ್ಯವೇ ಇಲ್ಲ, ಆದರೂ ನಾಲಿಗೆ ಏಳುವುದಿಲ್ಲ.

ಫೋನ್ ಇಟ್ಟೆ. ಮನೆ ನಿಶ್ಶಬ್ದವಾಗಿತ್ತು. ನಡು ಮಧ್ಯಾಹ್ನ, ಒಂದು ಗಂಟೆ. ಮಕ್ಕಳಾಗಿದ್ದಾಗ ಆ ಹೊತ್ತಿನಲ್ಲಿ ಬಾವಿಯ ಕಡೆ ಹೋಗಬೇಡಿ ಎಂದು ನಮ್ಮನ್ನು ಹೆದರಿಸುತ್ತಿದ್ದರು. ದೂರದಲ್ಲೆಲ್ಲೋ ಯಾರೋ ಕೂಗಿದರು:

"______ ಬಂದಾನೇನ್ ನೋಡಬೇ!"

(ಬಿಟ್ಟ ಸ್ಥಳ ತುಂಬಿರಿ, ಮಕ್ಕಳೇ. ನಿಮ್ಮ ಅಜ್ಜನ ಹೆಸರು ನಿಮಗೆ ಗೊತ್ತು.)

ಕಿವಿಯ ಭ್ರಮೆ ಎಂದುಕೊಂಡೆ. ಪರದೆ ನೋಡಿದೆ. ಸ್ವಲ್ಪ ಹೊತ್ತಿಗೆ ಏಳನೇ ಸಾಲು ಅಳಿಸಿಹೋಯಿತು.

ಮರುದಿನ ಒಂದು ಗಂಟೆಗೆ ಸರಿಯಾಗಿ ಅವರು ಮತ್ತೆ ಬಂದರು. ಅರ್ಧ ಗಂಟೆ ಇದ್ದರು. ಹೋದರು. ನಾನು ಮುಟ್ಟಲಿಲ್ಲ.

ಮೂರನೇ ದಿನ ಡಿಸ್ಕಿನ ಟಕ್ ಟಕ್ ಜೋರಾಯಿತು. ಸ್ಫೂರ್ತಿ ಫೋನಿನಲ್ಲಿ, "ನಿಮ್ಮ ಹೊಸ ಡಬ್ಬೀದು ತರಂಗನ ಬ್ಯಾರೆ ಇರಬೇಕು ಅಜ್ಜಿ. ಹಳೇ ಲ್ಯಾಪ್‌ಟಾಪಿನ ಕಿವಿಗೆ ಅದು ಕೇಳಿಸೂದಿಲ್ಲ. ಮಾಮಾಗ ಹೇಳಿ ಸೆಟ್ಟಿಂಗ್ ಬದಲ ಮಾಡಿಸು" ಎಂದಳು. ಹ್ಞೂಂ ಎಂದೆ. ಮಗನಿಗೆ ಹೇಳಲಿಲ್ಲ. ಒಂದು ಗಂಟೆಗೆ ಕಾದು ಕುಳಿತೆ. ಬಂದರು. ಕೈ ಮುಗಿದು, ಅವರ ಹೆಸರಿನ ಮೇಲೆ ಒತ್ತಿದೆ.

ಪಾಸ್‌ವರ್ಡ್ ಕೇಳಿತು. ಅವರ ಎಲ್ಲ ಬೀಗಗಳಿಗೂ ಒಂದೇ ಕೀಲಿ: ನನ್ನ ತವರೂರಿನ ಹೆಸರು, ಅದರ ಮುಂದೆ ನಮ್ಮ ಹಳೆಯ ಕ್ವಾರ್ಟರ್ಸಿನ ನಂಬರು. ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಬೇಡ ಎನ್ನಲಿ, ತಪ್ಪು ಎನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಬಾಗಿಲು ತೆರೆಯಿತು.

ಹಾಳೆಯಲ್ಲಿ ಹೇಳಿದ, ಸ್ಫೂರ್ತಿಗೆ ತಲುಪುವ ಇಂಟರ್ನೆಟ್ ಪುಟ ತೆಗೆದು ಮೊದಲ ಫೈಲನ್ನು ಅದರೊಳಗೆ ಎಳೆದು ಬಿಟ್ಟೆ. ಹೊರಟಿತು. ಎರಡನೆಯದು ಹೊರಟಿತು. ಅವರ ಧ್ವನಿ ಅವರ ಹೆಸರಿನ ಮೂಲಕವೇ ಮನೆಯಿಂದ ಹೊರಗೆ ಹೋಗುತ್ತಿತ್ತು. ನಾಲ್ಕನೆಯದು ಹೋಗಿ ಮುಗಿದದ್ದೇ ಸಂಪರ್ಕ ಕತ್ತರಿಸಿತು. ಒಂದೂವರೆ ಗಂಟೆ.

ನಾಲ್ಕನೇ ದಿನ ನಾನು ಗಟ್ಟಿ ಮನಸ್ಸು ಮಾಡಿದೆ. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿದೆ, ವೈರ್ ಬಿಟ್ಟು ಇರಲಾರದು. ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿ, ಅದನ್ನು ಬಾಲದಂತೆ ಎಳೆದುಕೊಂಡು ಹೊರಟೆ. ಅಡುಗೆಮನೆಯಲ್ಲಿ ಒಂದು ಗೆರೆ. ಅವರ ಕೋಣೆಯಲ್ಲಿ ಎರಡು. ಹಿಂದಿನ ಬಾಲ್ಕನಿಯ ಬಾಗಿಲ ಬಳಿ ಮೂರು. ಹತ್ತಿರ ಬರುತ್ತಿದ್ದರು. ನಾನು ಹೋಗುತ್ತಿದ್ದೆನೋ, ಅವರು ಬರುತ್ತಿದ್ದರೋ? ಬಾಲ್ಕನಿಯಲ್ಲಿ ಗೆರೆಗಳೆಲ್ಲ ತುಂಬಿದವು. ಕಾಲ ಕೆಳಗಿನಿಂದಲೇ ಕೂಗು ಬಂತು.

"______ ಬಂದಾನೇನ್?"

"ಬಂದಾನ, ಬಂದಾನ. ಬರ್ರಿ ಲಗೂನ."

ಬಗ್ಗಿ ನೋಡಿದೆ. ಹಿಂದೆ ಕಟ್ಟುತ್ತಿರುವ ಬಿಲ್ಡಿಂಗಿನ ನೆರಳಲ್ಲಿ ನಾಲ್ಕೈದು ಹೆಂಗಸರು ಬುತ್ತಿ ಬಿಚ್ಚಿಕೊಂಡು ಕುಳಿತಿದ್ದರು. ನಡುವೆ ಕುಳಿತವಳು ಬಿಸಿಲಿಗೆಂದು ಸೀರೆಯ ಮೇಲೆ ತುಂಬುತೋಳಿನ ಗಂಡಸರ ಅಂಗಿ ತೊಟ್ಟಿದ್ದಳು. ನೀಲಿ ಗೆರೆಯ ಅಂಗಿ. ಎಡಗೈಯ ಗುಂಡಿ ಮಾತ್ರ ಬಿಳಿಯದು. ಆ ಗುಂಡಿ ಹಚ್ಚಿದವಳು ನಾನು.

ಆಗ ಎಲ್ಲ ಅರ್ಥವಾಯಿತು. ಅವರು ಹೋದ ಹನ್ನೊಂದನೇ ದಿನ ಅವರ ಬಟ್ಟೆಗಳನ್ನು ಗಂಟು ಕಟ್ಟಿ, ಹಿಂದಿನ ಬಿಲ್ಡಿಂಗಿನ ಕೆಲಸದವರು ಈ ತೆಲುಗು ಊರಿನಲ್ಲಿ ನಮ್ಮ ಕಡೆಯವರು ಎಂದು ವಾಚ್‌ಮನ್ ಕೈಯಲ್ಲಿ ಕೊಟ್ಟು ಕಳಿಸಿದ್ದೆವು. ಕೊಡಲು ಕಟ್ಟಿದ ಗಂಟನ್ನು ಮತ್ತೆ ಬಿಚ್ಚಿ ನೋಡಬಾರದು ಎನ್ನುವುದು ನಮ್ಮ ಮನೆಯ ಪದ್ಧತಿ. ಯಾರೂ ಜೇಬು ನೋಡಿರಲಿಲ್ಲ.

ಇಳಿದು ಹೋದೆ. ಲ್ಯಾಪ್‌ಟಾಪ್ ಬಾಲ್ಕನಿಯಲ್ಲಿ ಟಕ್ ಟಕ್ ಎನ್ನುತ್ತಲೇ ಇತ್ತು.

ಅಂಗಿ ತೊಟ್ಟವಳ ಹೆಸರು ನಾಗಮ್ಮ, ಲಿಂಗಸೂರು ಕಡೆಯವಳು. ನನ್ನನ್ನು ನೋಡಿದವಳೇ ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಅಮ್ಮಾರ, ಕದ್ದಿಲ್ರಿ ನಾವು. ಅಂಗಿ ಜೇಬಿನ್ಯಾಗ ಇತ್ತು. ವಾಚ್‌ಮನ್ನಗ ಕೇಳಿದ್ವಿ, ದಾನ ಕೊಟ್ಟದ್ದು ತಿರುಗಿ ಕೇಳಂಗಿಲ್ಲ, ಇಟ್ಕೊ ಅಂದ."

"ಇರಲಿ ಬಿಡವ್ವ. ಕೇಳಾಕ ಬಂದಿಲ್ಲ ನಾನು. ಈ ಹೆಸರು..."

"ತಗಿಯಾಕ ಬರಲಿಲ್ರಿ. ನಮ್ಮ ಫೋನಿನ್ಯಾಗ ಸಿಮ್ ಐತಿ, ನೆಟ್ ಇಲ್ಲ. ಎಲ್ರೂ ಕೂಡಿ ಇದಕ್ಕೊಂದಕ್ಕ ನೆಟ್ ಹಾಕಸ್ತೀವ್ರಿ. ಇವರೆಲ್ಲ ಊರಾಗ ಬಿಟ್ಟು ಬಂದ ಹುಡುಗ್ರ ಮಾರಿ ನೋಡಬೇಕಂದ್ರ ಈ ಅಜ್ಜನ ಬರಬೇಕು." ಪಕ್ಕದವಳು ನಕ್ಕಳು: "ಒಂದಕ್ಕ ಬರ್ತಾನ, ಒಂದೂವರಿಗೆ ಹೋಗ್ತಾನ. ಮೇಸ್ತ್ರಿಗಿಂತ ಭಾಳ ನಿಯತ್ತಿನಾಂವ."

ನನಗೂ ನಗು ಬಂತು. ಹತ್ತು ತಿಂಗಳಲ್ಲಿ ಮೊದಲ ಸಲ ಯಾರೋ ಅವರನ್ನು ಏಕವಚನದಲ್ಲಿ ಕರೆದ ಹಾಗಿತ್ತು.

ಲ್ಯಾಪ್‌ಟಾಪಿನ ವಿಷಯ ಹೇಳಿದೆ. ನಿನ್ನೆ ನಾಲ್ಕು ಹೋದವು, ಏಳು ಉಳಿದಿವೆ. ದಿನದ ನೆಟ್ ಇಷ್ಟೇ ಎಂದು ಇರುತ್ತದಂತೆ. ಏಳನ್ನೂ ಕಳಿಸಿದರೆ ಅವರ ಪಾಲಿಗೆ ಏನೂ ಉಳಿಯುವುದಿಲ್ಲ.

"ಯಾರ ಧ್ವನಿರೀ ಅದು?" ನಾಗಮ್ಮ ಕೇಳಿದಳು.

ನಾನು ಅವಳ ಕೈಯಲ್ಲಿದ್ದ ಫೋನಿನ ಪರದೆಯ ಮೇಲೆ ಬೆರಳಿಟ್ಟೆ. ಅಲ್ಲಿ ಬರೆದಿತ್ತು.

ಅವಳು ಅದನ್ನು ನೋಡಿದಳು, ನನ್ನ ಬೋಳು ಹಣೆ ನೋಡಿದಳು. ಹೆಸರು ಯಾಕೆ ಹೇಳಲಿಲ್ಲ ಎಂದು ಕೇಳಲಿಲ್ಲ. ಅವಳೂ ನಮ್ಮ ಕಡೆಯ ಹೆಣ್ಣುಮಗಳೇ. ಗೆಳತಿಯರ ಕಡೆ ತಿರುಗಿ, "ಏ, ಎಲ್ರೂ ಬಂದ್ ಮಾಡ್ರಿ" ಎಂದಳು. "ಹುಡುಗ್ರ ಮಾರಿ ನಾಳೆ ನೋಡೂಣು. ಹುಡುಗ್ರು ನಾಳೆನೂ ಇರ್ತಾವ." ಒಬ್ಬಳ ಪರದೆಯಲ್ಲಿ ಆಗಲೇ ಒಂದು ಮಗು ನಗುತ್ತಿತ್ತು. ಅವಳು ಒಂದು ಗಳಿಗೆ ನೋಡಿ, ಆರಿಸಿದಳು.

ನಾನು ಮೇಲೆ ಹೋಗಿ ಉಳಿದವನ್ನು ಒಂದೊಂದೇ ಎಳೆದು ಬಿಟ್ಟೆ. ಎರಡು ಗಂಟೆಗೆ ಹನ್ನೊಂದನೆಯದು ಹೋಯಿತು. ಒಂದೂವರೆಗೆ ಮೇಸ್ತ್ರಿ ಕೂಗಿದಾಗ ನಾಗಮ್ಮ ಫೋನನ್ನು ಆರಿಸದೆ ಇಟ್ಟಿಗೆ ರಾಶಿಯ ಮೇಲೆ, ನಮ್ಮ ಬಾಲ್ಕನಿಗೆ ಕಾಣುವಂತೆ ಇಟ್ಟು ಕೆಲಸಕ್ಕೆ ಹೋಗಿದ್ದಳು.

ಮರುದಿನ ಡಿಸ್ಕ್ ಏಳಲಿಲ್ಲ. ಟಕ್ ಸದ್ದೂ ಇಲ್ಲ.

ಸಂಜೆ ಮಗನನ್ನು ಕೂರಿಸಿ ಎಲ್ಲ ಹೇಳಿದೆ, ಸ್ಫೂರ್ತಿ ಕಳಿಸಿದ್ದನ್ನು ಅವನ ಫೋನಿನಲ್ಲೇ ಕೇಳಿಸಿದೆ. ಮೊದಲ ಕತೆಯ ಮೊದಲ ಮಾತು: "ಇದು ಚಾಲೂ ಆಗೈತೋ ಇಲ್ಲೋ?" ಹಿಂದಿನಿಂದ ನನ್ನದೇ ಕೂಗು, ಹಾಲು ಉಕ್ಕಿತು ಎಂದು. ಮಗ ಅದನ್ನೇ ಮೂರು ಸಲ ಹಾಕಿ ಕೇಳಿದ.

ಪರೀಕ್ಷೆ ಮುಗಿಸಿ ಬಂದ ಸ್ಫೂರ್ತಿ ಹೊಸ ಡಿಸ್ಕ್ ಹಾಕಿ, ಈ ಸಲ ಎರಡನೇ ಬಟನ್ ಒತ್ತಿ, ಲಿನಕ್ಸನ್ನು ಪೂರ್ತಿ ಇಳಿಸಿದಳು. ಆ ದಿನ ಒಂದು ಗಂಟೆಗೆ ನಾಗಮ್ಮ ಕೆಳಗಿನಿಂದ ಬಾಲ್ಕನಿ ನೋಡಿ ಕೈಬೀಸಿದಳು. ನಾನು ಮತ್ತೆ ಏಳನೇ ಸಾಲಿನ ಮೇಲೆ ಒತ್ತಿದೆ, ಸುಮ್ಮನೆ, ಒಂದು ಸಲ. ಆ ಭಾನುವಾರ ಮಗ ಡಬ್ಬಿಯ ಸೆಟ್ಟಿಂಗ್ ಬದಲಿಸಿದ. ಪಟ್ಟಿಯಲ್ಲಿ ನಮ್ಮ ಮನೆ ಬಂತು. ಅದಾದ ವಾರಕ್ಕೆ ಸ್ಲ್ಯಾಬ್ ಕೆಲಸ ಮುಗಿದು ನಾಗಮ್ಮನ ಗುಂಪು ಬೇರೆ ಸೈಟಿಗೆ ಹೋಯಿತು. ಎಲ್ಲಿಗೆ ಎಂದು ವಾಚ್‌ಮನ್‌ಗೂ ಗೊತ್ತಿಲ್ಲ.

ಈಗ ಒಂದು ಗಂಟೆಗೆ ಹಿಂದೆ ಯಾರೂ ಕೂಗುವುದಿಲ್ಲ. ಬರಿಯ ಬಿಸಿಲು.

ಹೊರಡುವ ಮುಂಚೆ ಸ್ಫೂರ್ತಿ ಒಂದು ಮಾತು ಹೇಳಿದಳು. ಕಂಪ್ಯೂಟರ್ ಒಮ್ಮೆ ಸೇರಿಕೊಂಡ ಹೆಸರನ್ನು ಮರೆಯುವುದಿಲ್ಲವಂತೆ. ಸ್ವಿಚ್ ಹಾಕಿದಾಗಲೆಲ್ಲ, ಎಲ್ಲಾದರೂ ಹತ್ತಿರ ಇದ್ದೀಯಾ ಎಂದು ಸುತ್ತ ಹುಡುಕುತ್ತದಂತೆ. "ಬೇಡಂದ್ರ ಅಳಿಸಿಬಿಡಲೇನಜ್ಜಿ?" ಎಂದು ಕೇಳಿದಳು. ಇರಲಿ ಎಂದೆ.

ನಾನು ಜನ್ಮದಲ್ಲಿ ಒಮ್ಮೆಯೂ ಕರೆಯದ ಹೆಸರನ್ನು ಈ ಹಳೆಯ ಲ್ಯಾಪ್‌ಟಾಪ್ ನನ್ನ ಮಡಿಲಲ್ಲಿ ಕುಳಿತು ದಿನಾ ಕರೆಯುತ್ತಿದೆ. ಒಂದು ಮಧ್ಯಾಹ್ನ ಆ ಕಡೆಯಿಂದ ಓ ಎಂದರೆ, ಹೇಳಿ ಮಕ್ಕಳೇ, ಉತ್ತರ ಕೊಡಬೇಕಾದದ್ದು ನಾನೋ, ಅದೋ?